ಮಲಗುವ ಕೋಣೆಯನ್ನು ಸಿಂಗರಿಸುವ ಮುನ್ನ ಗೋಡೆಯನ್ನು ಮುಟ್ಟಿ ನೋಡಿ

ಕೈಯಲ್ಲಿರುವ ಅಲ್ಪ ಹಣದಲ್ಲೇ ಮಲಗುವ ಕೋಣೆಯನ್ನು ಬೆಚ್ಚಗೆ, ಆಪ್ತವಾಗಿ, ದಿನದ ಕೊನೆಗೆ ಇಬ್ಬರೂ ಬಂದು ಕುಳಿತು ನಾಲ್ಕು ಮಾತಾಡಲು ಮನಸ್ಸಾಗುವಂತೆ ಸಿಂಗರಿಸಬೇಕೆಂದು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವೂ ಹಾಗೆಯೇ ಹೊರಟವರು. ಆರು ತಿಂಗಳೊಳಗೆ ಅಂಟಿಸಿದ್ದನ್ನೆಲ್ಲ ಕಿತ್ತು, ಗೋಡೆಯ ಗಾರೆಯನ್ನೂ ಕೆತ್ತಿಸಿ ತೆಗೆಸಿ, ಅಲಂಕಾರಕ್ಕೆ ಹಾಕಿದ್ದರ ಎರಡು ಪಟ್ಟು ಹಣವನ್ನು ರಿಪೇರಿಗೆ ತೆತ್ತೆವು. ಕೋಣೆ ನೋಡಲು ಚೆನ್ನಾಗಿರಲಿಲ್ಲವೆಂದಲ್ಲ. ಮೊದಲ ಒಂದೆರಡು ತಿಂಗಳು ಬಂದವರೆಲ್ಲ ಹೊಗಳಿದ್ದರು. ಆದರೆ ಕೋಣೆಯನ್ನು ಆಪ್ತಗೊಳಿಸಲೆಂದು ನಾನು ಆರಿಸಿ ತಂದ ಒಂದೊಂದು ವಸ್ತುವೂ ಅಲ್ಲಿನ ತೇವವನ್ನು ಹೆಚ್ಚಿಸುವಂಥದ್ದು, ಇಲ್ಲವೇ ಹೊರಹೋಗದಂತೆ ಹಿಡಿದಿಡುವಂಥದ್ದು ಎಂಬುದು ನನಗೆ ತಿಳಿದಾಗ ಬಹಳ ತಡವಾಗಿತ್ತು.

ಮಂಚದ ತಲೆಯ ಕಡೆಗಿದ್ದದ್ದು ಮನೆಯ ಹೊರಗೋಡೆ. ನೆಲದಿಂದ ಸುಮಾರು ಎರಡು ಮೊಳದ ಎತ್ತರದವರೆಗೆ ಅದರ ಬಣ್ಣ ಅಲ್ಲಲ್ಲಿ ಉಬ್ಬಿಕೊಂಡಿತ್ತು. ಬೆರಳು ತಾಗಿದರೆ ಹಕ್ಕಳೆಯಾಗಿ ಉದುರುತ್ತಿತ್ತು, ಹಕ್ಕಳೆಯ ಅಡಿಯಲ್ಲಿ ಹಿಟ್ಟಿನಂಥ ಬಿಳಿ ಪುಡಿ ಕೈಗೆ ಹತ್ತುತ್ತಿತ್ತು. ಗೋಡೆಯೊಳಗಿನ ನೀರು ಅಲ್ಲಿನ ಲವಣಗಳನ್ನು ಕರಗಿಸಿಕೊಂಡು ಮೇಲ್ಮೈಗೆ ಬಂದು, ತಾನು ಆವಿಯಾಗಿ ಹೋಗುವಾಗ ಬಿಟ್ಟುಹೋಗುವ ಉಪ್ಪು ಅದು. ಆಗ ನನಗೆ ಅದು ಹಳೆಯ ಬಣ್ಣದ ಧೂಳಿನಂತೆ ಕಂಡಿತು. 'ಆ ಗೋಡೆ ಯಾವಾಗಲೂ ತಣ್ಣಗಿರುತ್ತದಲ್ಲ, ಯಾರಿಗಾದರೂ ತೋರಿಸೋಣವೇ' ಎಂದು ನಮ್ಮವರು ಒಮ್ಮೆ ಕೇಳಿದ್ದುಂಟು. ತೋರಿಸಿದರೆ ರಿಪೇರಿ ಎನ್ನುತ್ತಾರೆ, ರಿಪೇರಿಗೆ ಹಾಕಿದ ಹಣ ಕಣ್ಣಿಗೆ ಕಾಣುವುದಿಲ್ಲ, ಅದೇ ಹಣದಲ್ಲಿ ಗೋಡೆಯನ್ನೇ ಅಂದವಾಗಿ ಮುಚ್ಚಿಬಿಡಬಹುದು ಎಂದು ವಾದಿಸಿ ಗೆದ್ದವಳು ನಾನೇ.

ಮುಚ್ಚಲು ಆರಿಸಿದ್ದು ಹಿಂಬದಿಯಲ್ಲಿ ಅಂಟು ಇರುವ, ಮೇಲಿನ ಕಾಗದ ಬಿಡಿಸಿ ನೇರವಾಗಿ ಅಂಟಿಸುವ ವಿನೈಲ್ ವಾಲ್‌ಪೇಪರ್. ಕಡು ಹಸಿರು ನೆಲದ ಮೇಲೆ ಸಣ್ಣ ಸಣ್ಣ ಹೂಬಳ್ಳಿಗಳಿದ್ದದ್ದು. ನೀರು ಬಿದ್ದರೂ ಏನೂ ಆಗುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಬಹುದು ಎಂದು ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಹೊರಗಿನಿಂದ ಒಳಕ್ಕೆ ನೀರನ್ನು ಬಿಡದ ಹಾಳೆ ಒಳಗಿನಿಂದ ಹೊರಕ್ಕೂ ಬಿಡುವುದಿಲ್ಲ ಎಂಬುದನ್ನು ಅವರೂ ಹೇಳಲಿಲ್ಲ, ನಾನೂ ಯೋಚಿಸಲಿಲ್ಲ. ಉದುರುತ್ತಿದ್ದ ಬಣ್ಣವನ್ನು ಉಜ್ಜುಕಾಗದದಿಂದ ತಿಕ್ಕಿ, ಎರಡು ಕೈ ಪುಟ್ಟಿ ಎಳೆದು, ಅದು ಪೂರ್ತಿ ಒಣಗುವಷ್ಟೂ ಕಾಯದೆ ಒಂದು ರಜೆಯ ದಿನ ಇಡೀ ಗೋಡೆಗೆ ಅಂಟಿಸಿಬಿಟ್ಟೆವು. ಮೀಸಲಿಟ್ಟ ಹಣದಲ್ಲಿ ಹೆಚ್ಚುಕಡಿಮೆ ಅರ್ಧ ಆ ಒಂದೇ ಗೋಡೆಗೆ ಹೋಯಿತು.

ಮೂರನೆಯ ತಿಂಗಳಿಗೆ ವಾಸನೆ ಶುರುವಾಯಿತು. ಬಹಳ ದಿನ ಮುಚ್ಚಿಟ್ಟ ಟ್ರಂಕಿನ ಬಾಯಿ ತೆರೆದಾಗ ಬರುವಂಥ ಮುಗ್ಗುಲು ವಾಸನೆ ಅದು. ರಾತ್ರಿ ಹೆಚ್ಚು, ಹಗಲು ಕಡಿಮೆ. ನಾನು ಮಾಡಿದ್ದೇನೆಂದರೆ ಸುಗಂಧದ ಮೇಣದಬತ್ತಿಗಳನ್ನು ಹೆಚ್ಚಿಸಿದ್ದು. ಮುಂದಿನ ತಿಂಗಳು ವಾಲ್‌ಪೇಪರಿನ ಎರಡು ಪಟ್ಟಿಗಳು ಕೂಡುವ ಗೆರೆಯುದ್ದಕ್ಕೂ ಸಾಸಿವೆಯಷ್ಟು ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಒರೆಸಿದರೆ ಹೋಗುತ್ತಿದ್ದವು, ವಾರದೊಳಗೆ ಮತ್ತೆ ಬರುತ್ತಿದ್ದವು. ನಮ್ಮವರಿಗೆ ಬೆಳಗಿನ ಜಾವ ಸೀನು, ಮೂಗು ಕಟ್ಟುವುದು ನಿತ್ಯದ ಸಂಗತಿಯಾಯಿತು. ಕೊನೆಗೊಂದು ದಿನ ಮಂಚವನ್ನು ಈಚೆಗೆ ಎಳೆದು ತಲೆಹಲಗೆಯ ಹಿಂದೆ ಟಾರ್ಚು ಹಿಡಿದು ನೋಡಿದೆವು. ಹಾಳೆ ಅಲ್ಲಿ ಹಪ್ಪಳದಂತೆ ಉಬ್ಬಿತ್ತು. ಮೂಲೆ ಹಿಡಿದು ಎಳೆದಾಗ ನಾವು ಬಳಿದಿದ್ದ ಪುಟ್ಟಿಯೂ ಅದರೊಂದಿಗೇ ಮೆತ್ತನೆಯ ಮೊಸರಿನಂತೆ ಕಿತ್ತು ಬಂತು. ಹಾಳೆಯ ಹಿಂಬದಿಯ ಅಂಟಿನ ತುಂಬ ಬೂದು, ಹಸಿರು, ಕಪ್ಪು ಬಣ್ಣದ ಬೂಷ್ಟು ಒಂದರೊಳಗೊಂದು ವರ್ತುಲಗಳಾಗಿ ಹಬ್ಬಿತ್ತು. ಅದರ ಎದುರು ಬದಿಯಲ್ಲಿ ನನ್ನ ಹೂಬಳ್ಳಿಗಳು ಒಂದಿಷ್ಟೂ ಮಾಸದೆ ಹಾಗೆಯೇ ಇದ್ದವು. ಎರಡು ವರ್ಷ ಹಿಂದೆ ಕೊಂಡಿದ್ದ ತಲೆಹಲಗೆಯ ಹಿಂಬದಿಯ ಬಟ್ಟೆಗೂ ಬೂಷ್ಟು ದಾಟಿತ್ತು, ಅದನ್ನು ಉಳಿಸಿಕೊಳ್ಳಲಾಗಲಿಲ್ಲ.

ಕೆಲಸಕ್ಕೆ ಬಂದ ಮೇಸ್ತ್ರಿ ಹೊರಗೆ ಹೋಗಿ ಒಂದು ಸುತ್ತು ಹಾಕಿ, ಮಳೆನೀರು ಇಳಿಯುವ ಕೊಳವೆಯ ಕೆಳಗಿನ ಜೋಡಣೆ ಸೀಳಿರುವುದನ್ನು ಹತ್ತು ನಿಮಿಷದೊಳಗೆ ತೋರಿಸಿದರು. ಅಲ್ಲಿಂದ ಚಿಮ್ಮಿದ ನೀರು ಗೋಡೆಯ ಬುಡಕ್ಕೇ ಬಡಿಯುತ್ತಿತ್ತು. ಆ ಜೋಡಣೆಯನ್ನು ಬದಲಿಸಲು ತಗುಲಿದ ಖರ್ಚು ವಾಲ್‌ಪೇಪರಿನ ಒಂದು ಸುರುಳಿಯ ಬೆಲೆಗಿಂತ ಕಡಿಮೆ. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಮೈ ಉರಿಯುತ್ತದೆ.

ಆದರೆ ಎಲ್ಲ ದೋಷವನ್ನೂ ಕೊಳವೆಯ ಮೇಲೆ ಹೊರಿಸುವಂತಿಲ್ಲ, ಏಕೆಂದರೆ ಒಳಗಿನಿಂದ ನಾವೂ ನೀರೆರೆಯುತ್ತಿದ್ದೆವು. ಇಬ್ಬರು ಎಂಟು ಗಂಟೆ ಮಲಗಿದರೆ ಉಸಿರು ಮತ್ತು ಚರ್ಮದಿಂದ ಹೊರಬೀಳುವ ತೇವವೇ ಅರ್ಧ ಲೀಟರಿಗೂ ಹೆಚ್ಚು. ಮೊದಲು ರಾತ್ರಿಯೆಲ್ಲ ಅರೆತೆರೆದಿರುತ್ತಿದ್ದ ಕಿಟಕಿಯನ್ನು, ಏಕಾಂತದ ಭಾವ ಬರಲೆಂದು, ನೆಲ ಮುಟ್ಟುವ ದಪ್ಪ ವೆಲ್ವೆಟ್ ಪರದೆಯಿಂದ ಮುಚ್ಚಿದ್ದೆ. ಮೇಣದಬತ್ತಿ ಉರಿದಾಗ ಬೆಳಕು, ಶಾಖದ ಜೊತೆಗೆ ನೀರಿನ ಆವಿಯೂ ಹುಟ್ಟುತ್ತದೆ: 100 ಗ್ರಾಂ ಪ್ಯಾರಾಫಿನ್ ಮೇಣ ಪೂರ್ತಿ ಉರಿದರೆ ಸುಮಾರು 130 ಗ್ರಾಂ ನೀರು, ಮೇಣದಲ್ಲಿನ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರುವುದರಿಂದ. ಮುಗ್ಗುಲು ಮರೆಸಲು ಹಚ್ಚಿದ್ದೇ ಮುಗ್ಗುಲಿಗೆ ಮೇವಾಯಿತು. ರೇಷ್ಮೆಯಂತೆ ಕಾಣುತ್ತದೆಂದು ತಂದ ಸ್ಯಾಟಿನ್ ಬೆಡ್‌ಶೀಟ್ ವಾಸ್ತವದಲ್ಲಿ ಪಾಲಿಯೆಸ್ಟರ್. ಸ್ಯಾಟಿನ್ ಎಂಬುದು ನೇಯ್ಗೆಯ ಹೆಸರೇ ಹೊರತು ನೂಲಿನ ಹೆಸರಲ್ಲ. ಹತ್ತಿಯ ನೂಲು ಸಾಮಾನ್ಯ ಹವೆಯಲ್ಲಿ ತನ್ನ ತೂಕದ ಶೇಕಡಾ 8ರಷ್ಟು ತೇವವನ್ನು ಹೀರಿಕೊಂಡರೆ ಪಾಲಿಯೆಸ್ಟರ್ ಶೇಕಡಾ ಅರ್ಧದಷ್ಟನ್ನೂ ಹೀರುವುದಿಲ್ಲ. ರಾತ್ರಿ ಬೆನ್ನು ಬೆವರಿ ಎಚ್ಚರವಾಗುತ್ತಿತ್ತು. ದಿಂಬು ಜಾರಿ ಜಾರಿ ನೆಲಕ್ಕೆ ಬೀಳುತ್ತಿದ್ದದ್ದು ಬೇರೆ ಕಥೆ.

ಆದ್ದರಿಂದ ಒಂದು ಪೈಸೆಯ ಅಲಂಕಾರದ ಸಾಮಾನನ್ನೂ ಕೊಳ್ಳುವ ಮೊದಲು ಗೋಡೆಯನ್ನು ಪರೀಕ್ಷಿಸಿ. ಅಂಗೈಯನ್ನು ಒಳಗೋಡೆಯ ಮೇಲೂ ಹೊರಗೋಡೆಯ ಮೇಲೂ ಇಟ್ಟು ತಂಪಿನ ವ್ಯತ್ಯಾಸ ನೋಡುವುದು ಮೊದಲ ಹೆಜ್ಜೆ. ಸಂಶಯ ಬಂದ ಜಾಗದಲ್ಲಿ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಗೋಡೆಯ ಕಡೆಗಿನ ಮೈಯಲ್ಲಿ ಹನಿಗಟ್ಟಿದ್ದರೆ ತೇವ ಗೋಡೆಯಿಂದ ಬರುತ್ತಿದೆ, ಅಂದರೆ ಸೋರಿಕೆಯನ್ನು ಹುಡುಕಬೇಕು. ಕೋಣೆಯ ಕಡೆಗಿನ ಮೈಯಲ್ಲಿ ಹನಿಗಟ್ಟಿದ್ದರೆ ಅದು ಕೋಣೆಯ ಗಾಳಿಯದ್ದು, ಅದಕ್ಕೆ ಗಾಳಿಯಾಡಿಸುವುದೇ ಮದ್ದು. ತೇವಾಂಶ ತೋರಿಸುವ ಸಣ್ಣ ಮಾಪಕವನ್ನೂ ಕೊಂಡಿಟ್ಟುಕೊಳ್ಳಬಹುದು. ಅದು ದಿನಗಟ್ಟಲೆ ಶೇಕಡಾ 60ರ ಮೇಲೆ ನಿಂತರೆ ಬೂಷ್ಟಿಗೆ ಹದವಾದ ಕೋಣೆಯೆಂದು ತಿಳಿಯಿರಿ. ಈಗಾಗಲೇ ಬೂಷ್ಟು ಬಂದಿದ್ದರೆ ನಾನು ಮಾಡಿದಂತೆ ಒಣ ಬ್ರಷ್ಷಿನಿಂದ ಉಜ್ಜಬೇಡಿ. ಅದರ ಕಣಗಳೆಲ್ಲ ಗಾಳಿಗೆ ಹಾರಿ ಹಾಸಿಗೆಯ ಮೇಲೇ ಕೂರುತ್ತವೆ. ಎನ್-95 ಮಾಸ್ಕ್ ಧರಿಸಿ, ಕಿಟಕಿ ತೆರೆದು, ಮೊದಲು ಒದ್ದೆ ಮಾಡಿಕೊಂಡು ಒರೆಸಬೇಕು. ನೀರಿನ ಮೂಲ ನಿಲ್ಲುವವರೆಗೆ ಯಾವ ಬ್ಲೀಚೂ ಅದನ್ನು ತಡೆಯುವುದಿಲ್ಲ. ಹೊಸ ಸಿಮೆಂಟ್ ಗಾರೆ ಬಳಿಸಿದರೆ ಬಣ್ಣಕ್ಕೆ ಮುನ್ನ ಕನಿಷ್ಠ 28 ದಿನ ಒಣಗಲು ಬಿಡಿ. ನಾವು ಹಾಲ್‌ನಲ್ಲಿ ಮಲಗಿಕೊಂಡು ಅಷ್ಟೂ ದಿನ ಕಾದೆವು.

ದೀಪಗಳ ವಿಷಯದಲ್ಲೂ ಒಂದು ಎಚ್ಚರಿಕೆಯಿದೆ. ತಲೆಹಲಗೆಯ ಸುತ್ತ ಬಿಡಲು ನಾನು ತಂದ ಅಗ್ಗದ ಸೀರಿಯಲ್ ಸೆಟ್‌ಗೆ ಅಡಾಪ್ಟರ್ ಇರಲಿಲ್ಲ. ಪ್ಲಗ್ಗಿನಿಂದ ಹೊರಟ ಕೂದಲೆಳೆಯಂಥ ತಂತಿ ನೇರವಾಗಿ ಬಲ್ಬುಗಳಿಗೆ ಹೋಗುತ್ತಿತ್ತು. ಅಂಥ ಸೆಟ್ಟಿನ ತಂತಿಯಲ್ಲಿ ಹರಿಯುವುದು ಮನೆಯ ಮೇನ್ಸ್ ವೋಲ್ಟೇಜೇ. ಮಂಚ ಎಳೆದ ದಿನ ನೋಡಿದರೆ, ಮಂಚದ ಕಾಲಿಗೂ ಗೋಡೆಗೂ ನಡುವೆ ಸಿಕ್ಕಿ ಅದರ ಪ್ಲಾಸ್ಟಿಕ್ ಸುಲಿದು ತಾಮ್ರ ಹೊಳೆಯುತ್ತಿತ್ತು, ಅದೂ ಒದ್ದೆ ಗೋಡೆಗೆ ತಾಗಿಕೊಂಡು. ನಮ್ಮ ತಲೆಯಿಂದ ಒಂದು ಗೇಣು ದೂರದಲ್ಲಿ! ಅಷ್ಟು ದಿನ ಏನೂ ಆಗದಿದ್ದದ್ದು ನಮ್ಮ ಪುಣ್ಯ. ಹಾಸಿಗೆಯ ಬಳಿ ದೀಪದ ಸರ ಬೇಕೇಬೇಕಿದ್ದರೆ 5 ಅಥವಾ 12 ವೋಲ್ಟಿನ ಅಡಾಪ್ಟರ್ ಇರುವುದನ್ನೇ ಕೊಳ್ಳಿ, ಅಡಾಪ್ಟರನ್ನು ಬಟ್ಟೆ, ದಿಂಬುಗಳ ಕೆಳಗೆ ಹುದುಗಿಸಬೇಡಿ.

ನಾವಂತೂ ಸರವನ್ನೇ ಬಿಟ್ಟೆವು. ಛಾವಣಿಯ 6500 ಕೆಲ್ವಿನ್ನಿನ (ಬೆಳಕಿನ ಬಣ್ಣವನ್ನು ಹೇಳುವ ಅಳತೆ ಇದು) ಬಿಳಿ ಬಲ್ಬನ್ನು ರಾತ್ರಿ ಆರಿಸಿ, ಮಂಚದ ಪಕ್ಕದ ಸ್ಟೂಲಿನ ಮೇಲೆ 2700 ಕೆಲ್ವಿನ್ನಿನ ಹಳದಿ ಎಲ್‌ಇಡಿ ಬಲ್ಬಿರುವ ಒಂದು ಟೇಬಲ್ ಲ್ಯಾಂಪ್ ಇಟ್ಟಿದ್ದೇವೆ. ನಾನು ಅಷ್ಟೆಲ್ಲ ಸಾಮಾನು ಹೊತ್ತು ತಂದು ಹುಡುಕುತ್ತಿದ್ದ ಬೆಚ್ಚನೆಯ ಭಾವ ಹೆಚ್ಚುಕಡಿಮೆ ಆ ಒಂದು ದೀಪದಿಂದಲೇ ಬಂದಿತೆಂದರೆ ಅತಿಶಯೋಕ್ತಿಯಲ್ಲ. ಗೋಡೆಗೆ ಕೆನೆಬಣ್ಣ ಬಳಿಸಿದ್ದೇವೆ, ಬೆಡ್‌ಶೀಟ್ ಹತ್ತಿಯದು, ಪರದೆ ತೆಳುವಾದದ್ದು. ಮಂಚ ಈಗ ಗೋಡೆಯಿಂದ ನಾಲ್ಕು ಬೆರಳು ಈಚೆಗಿದೆ. ಬಳಸದೆ ಉಳಿದ ವಾಲ್‌ಪೇಪರಿನ ಎರಡು ಸುರುಳಿಗಳನ್ನು ಮರಳಿಸಲು ಹೋದಾಗ ಹೊದಿಕೆ ಬಿಚ್ಚಿದ ಮಾಲನ್ನು ವಾಪಸು ಪಡೆಯುವುದಿಲ್ಲವೆಂದರು. ನಮ್ಮವರು ಅವನ್ನು ಅಳತೆಗೆ ಕತ್ತರಿಸಿ, ಅಂಟು ಬಿಡಿಸದೆಯೇ, ಬೀರುವಿನ ಖಾನೆಗಳಿಗೆ ಹಾಸಿದ್ದಾರೆ.