ಮಳೆನೀರಿನ ಹೂಳುತೊಟ್ಟಿ: ಮಳೆಗಾಲ ಕಳೆದ ಮೇಲೊಂದು ವಿಮರ್ಶೆ

ಮಂಗಳೂರಿನ ಕೊಟ್ಟಾರದಲ್ಲಿರುವ ನಮ್ಮ ವಸತಿ ಸಮುಚ್ಚಯದಲ್ಲಿ, ವಾಹನಗಳು ನಿಲ್ಲುವ ಅಂಗಳದ ಮಳೆನೀರು ತೋಡಿಗೆ ಸೇರುವ ಮೊದಲು ತಿಳಿಯಾಗಲೆಂದು ಸ್ಥಳೀಯ ಸಂಸ್ಥೆಯೊಂದರಿಂದ ಮೂರು ಕೋಣೆಗಳ ಹೂಳುತೊಟ್ಟಿ ಕಟ್ಟಿಸಿದ್ದೇವೆ. ಮರಳು, ಕಸ ಮತ್ತು ಎಣ್ಣೆಯನ್ನು ಅದು ಚೆನ್ನಾಗಿ ತಡೆಯುತ್ತದೆ. ನೀರು ಬಾವಿಗೆ ಇಂಗಿಸುವಷ್ಟು ಶುದ್ಧವಾಗುತ್ತದೆ ಎಂದು ಅವರು ಕೊಟ್ಟ ಭರವಸೆಯನ್ನು ಮಾತ್ರ ನಾನು ಒಪ್ಪಲಾರೆ.

ಕಾರಣ ಕಣಗಳ ಗಾತ್ರದಲ್ಲಿದೆ. ನಿಂತ ನೀರಿನಲ್ಲಿ ಒಂದು ಮೀಟರ್ ಕೆಳಗಿಳಿಯಲು 0.1 ಮಿ.ಮೀ. ಗಾತ್ರದ ಮರಳಿಗೆ ಸುಮಾರು ಎರಡು ನಿಮಿಷ ಸಾಕು, 0.01 ಮಿ.ಮೀ. ಕಣಕ್ಕೆ ಸುಮಾರು ಮೂರು ಗಂಟೆ, 0.002 ಮಿ.ಮೀ. ಜೇಡಿಕಣಕ್ಕೆ ಮೂರು ದಿನಗಳೇ ಬೇಕು. ನಮ್ಮ ಮುರಕಲ್ಲಿನ ನೆಲದಿಂದ ಬರುವ ಕೆಂಪು ಬಹುಪಾಲು ಇಂಥ ಸಣ್ಣ ಕಣಗಳದ್ದೇ ಆಗಿರುವುದರಿಂದ ಜುಲೈನ ಜಡಿಮಳೆಯಲ್ಲಿ ನೀರು ಕೆಂಪಾಗಿ ಒಳಬಂದು ಕೆಂಪಾಗಿಯೇ ಹೊರಹೋಯಿತು. ಟೈರಿನ ಸವೆತದಿಂದ ಬರುವ ಸತು, ಬ್ರೇಕಿನ ಪುಡಿಯ ತಾಮ್ರ ಅಂಟಿಕೊಳ್ಳುವುದೂ ಹೆಚ್ಚಾಗಿ ಈ ಸಣ್ಣ ಕಣಗಳಿಗೇ ಎಂಬುದು ನನ್ನ ಆತಂಕವನ್ನು ಹೆಚ್ಚಿಸಿದೆ. ನೀರಿನಲ್ಲಿ ಕರಗಿದ ಮಾಲಿನ್ಯವನ್ನಂತೂ ಯಾವ ಹೂಳುತೊಟ್ಟಿಯೂ ತೆಗೆಯುವುದಿಲ್ಲ.

ತೊಟ್ಟಿಯ ಆಳವನ್ನೇ ಸಂಸ್ಥೆಯವರು ಹಿರಿದಾಗಿ ಹೇಳಿಕೊಂಡಿದ್ದರು. ಹೂಳು ಸಂಗ್ರಹವಾಗಲು, ತಳಕ್ಕಿಳಿದದ್ದು ಮತ್ತೆ ಕದಡದಿರಲು ಆಳ ಬೇಕು, ನಿಜ. ಆದರೆ ಯಾವ ಗಾತ್ರದ ಕಣ ತಳ ಸೇರುತ್ತದೆ ಎಂಬುದು ಮುಖ್ಯವಾಗಿ ಹರಿವಿನ ಪ್ರಮಾಣವನ್ನೂ ತೊಟ್ಟಿಯ ಮೇಲ್ಮೈ ವಿಸ್ತೀರ್ಣವನ್ನೂ ಅವಲಂಬಿಸಿದೆ. ಜಾಗ ಕಡಿಮೆಯಿದ್ದಲ್ಲಿ ಓರೆ ಫಲಕಗಳನ್ನು ಅಳವಡಿಸಿ ಆ ವಿಸ್ತೀರ್ಣವನ್ನು ಹೆಚ್ಚಿಸಬಹುದು. ನಮ್ಮ ತೊಟ್ಟಿಯಲ್ಲಿ ಅವಿಲ್ಲ, ಇರಬೇಕಿತ್ತು.

ಎರಡನೆಯ ಕೋಣೆಯ ತಡೆಗೋಡೆಯ ಬಗ್ಗೆ ಮೆಚ್ಚುಗೆಯಿದೆ. ನೀರು ಗೋಡೆಯ ಅಡಿಯಿಂದ ಮುಂದೆ ಸಾಗುವಾಗ ತೇಲುವ ಎಣ್ಣೆ ಹಿಂದೆಯೇ ಉಳಿಯುತ್ತದೆ. ಬೇಸಿಗೆಯಿಡೀ ನೆಲಕ್ಕೆ ಸುರಿದದ್ದೆಲ್ಲ ಕೊಚ್ಚಿಬರುವ ಜೂನ್‌ನ ಮೊದಲ ಮಳೆಯಲ್ಲಿ ಅದರ ಉಪಯೋಗವನ್ನು ಕಣ್ಣಾರೆ ಕಂಡೆವು.

ನಿರ್ವಹಣೆಯ ಸೇವೆ ಅಷ್ಟು ತೃಪ್ತಿಕರವಾಗಿಲ್ಲ. ಮುಚ್ಚಳ ಕಿರಿದಾಗಿರುವುದರಿಂದ ಹೂಳೆತ್ತುವುದು ಕಷ್ಟ. ಹೂಳು ತುಂಬಿದ ಮೊದಲ ಕೋಣೆಯಲ್ಲಿ ಜೋರು ಮಳೆಗೆ ತಳದ ಕೆಸರೆಲ್ಲ ಕದಡಿ ಮುಂದಕ್ಕೆ ಹೋಗುತ್ತಿತ್ತು. ಕೆಲಸದವರು ಎತ್ತಿದ ಹೂಳನ್ನು ತೋಡಿನ ಬದಿಗೇ ಸುರಿಯಲು ಹೊರಟಾಗ ನಾವು ತಡೆಯಬೇಕಾಯಿತು, ಏಕೆಂದರೆ ಮುಂದಿನ ಮಳೆಗೆ ಅದಷ್ಟೂ ತೋಡಿಗೇ ಇಳಿಯುತ್ತಿತ್ತು. ಇಂಥ ತೊಟ್ಟಿ ಕಟ್ಟಿಸುವವರು ಮುಂಗಾರಿಗೆ ಮುಂಚೆ ಮತ್ತು ಮಳೆಗಾಲದ ನಡುವೆ ಹೂಳೆತ್ತುವುದನ್ನೂ ಆ ಹೂಳನ್ನು ಸುರಕ್ಷಿತವಾಗಿ ವಿಲೇವಾರಿ ಮಾಡುವುದನ್ನೂ ಒಪ್ಪಂದದಲ್ಲಿಯೇ ಬರೆಸಿಕೊಳ್ಳಬೇಕು.