24 ಇಂಚಿನ ಫಿಲ್ಟರ್ ಪ್ರೆಸ್: ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಕ್ಕೆ ಎಷ್ಟು ತಕ್ಕದ್ದು?

ಜೀನ್ಸ್ ತೊಳೆದ ನೀರನ್ನು ತಿಳಿ ಮಾಡುವುದು ಅರ್ಧ ಕೆಲಸವಷ್ಟೇ. ನೀಲಿ ಬಣ್ಣ, ಪ್ಯೂಮಿಸ್ ಕಲ್ಲಿನ ಪುಡಿ, ನೂಲಿನ ಜುಂಗು, ನಾವೇ ಸುರಿದ ಸುಣ್ಣ ಮತ್ತು ಅನ್ನಭೇದಿ (ಫೆರಸ್ ಸಲ್ಫೇಟ್) ಎಲ್ಲ ಸೇರಿ ತೊಟ್ಟಿಯ ತಳದಲ್ಲಿ ಕೆಸರಾಗಿ ಕೂರುತ್ತವೆ. ಅದನ್ನು ಹಿಂಡುವ ಯಂತ್ರ ಈ ಪ್ರೆಸ್. ಸಾಲಾಗಿ ಒತ್ತಿ ನಿಲ್ಲಿಸಿದ ಪ್ಲೇಟುಗಳ ನಡುಮಧ್ಯದ ತೂತಿನಿಂದ ಪಂಪು ಕೆಸರನ್ನು ಅವುಗಳ ನಡುವಿನ ಪೊಳ್ಳಿಗೆ, ಅಂದರೆ ಚೇಂಬರಿಗೆ, ನೂಕುತ್ತದೆ. ನೀರು ಪ್ಲೇಟಿಗೆ ಹೊದಿಸಿದ ಸೋಸುವ ಬಟ್ಟೆ ದಾಟಿ ನಲ್ಲಿಗಳಿಂದ ಇಳಿಯುತ್ತದೆ, ಒಳಗೆ ಉಳಿಯುವ ಗಟ್ಟಿ ಹೆಂಟೆಯೇ ಕೇಕ್. ಇಲ್ಲಿ ನೋಡುತ್ತಿರುವುದು 20 ಚೇಂಬರ್, 24 ಇಂಚು ಅಗಲದ ಪಾಲಿಪ್ರೊಪಿಲೀನ್ ಪ್ಲೇಟ್, 32 ಮಿ.ಮೀ. ದಪ್ಪದ ಕೇಕ್, ಕೈಯಿಂದ ಒತ್ತುವ ಹೈಡ್ರಾಲಿಕ್ ಜಾಕ್ ಇರುವ ಮಾದರಿ. ಕೊಳ್ಳಬಹುದು. ಆದರೆ ಮಾರುವವರು ಪ್ಲೇಟಿನ ಲೆಕ್ಕ ಹೇಳಿ ನಿಲ್ಲಿಸಿದರೆ ಕೊಟೇಶನ್ ವಾಪಸ್ ಕೊಡಿ. ಪಂಪು, ಬಟ್ಟೆ, ಗಾಳಿಯ ಲೈನು ಈ ಮೂರರ ವಿವರ ಅದರಲ್ಲಿ ಇರಲೇಬೇಕು.

ಅಳತೆ ಸಾಕೇ? ದಿನಕ್ಕೆ 50,000 ಲೀಟರ್ ನೀರು ಬಿಡುವ ಘಟಕದಲ್ಲಿ ಸಾವಿರ ಲೀಟರಿಗೆ ಒಂದು ಕಿಲೋ ಒಣ ಕೆಸರು ಎಂದು ಹಿಡಿದರೆ 50 ಕಿಲೋ. ಶೇ 2.5 ಗಟ್ಟಿ ಇರುವಾಗ ಅದು 2,000 ಲೀಟರ್ ತೆಳು ಕೆಸರು. ಹಿಂಡಿ ಶೇ 30ಕ್ಕೆ ತಂದರೆ ಸುಮಾರು 165 ಕಿಲೋ ಕೇಕ್. ಒಂದು ಚೇಂಬರಿನಲ್ಲಿ ಹೆಚ್ಚುಕಡಿಮೆ 9 ಲೀಟರ್ ಕೇಕ್ ಹಿಡಿಯುತ್ತದೆ, 20ರಲ್ಲಿ 180 ಲೀಟರ್. ಅಂದರೆ ದಿನಕ್ಕೆ ಒಂದು ಸಲ ತುಂಬಿದರೆ ಆಯಿತು. ಅದೇ ಕೆಸರನ್ನು ಮರಳಿನ ಹಾಸಿನ ಮೇಲೆ 20 ಸೆಂ.ಮೀ. ಎತ್ತರಕ್ಕೆ ಬಿಟ್ಟು ಹತ್ತು ದಿನ ಒಣಗಿಸಲು 100 ಚದರ ಮೀಟರ್ ಜಾಗ ಬೇಕು. ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲೇ ಆ ಕೆಲಸ ಮುಗಿಸುತ್ತದೆ, ನಿಜ. ಸೆಪ್ಟೆಂಬರಿನ ಒಂದು ಜೋರು ಮಳೆಗೆ ಹಾಸು ತುಂಬಿ ನೀಲಿ ನೀರು ಗಟಾರಕ್ಕೆ ಇಳಿಯುತ್ತದೆ. ಪ್ರೆಸ್ಸಿಗೆ ದುಡ್ಡು ಹಾಕುವುದು ಮುಖ್ಯವಾಗಿ ಈ ಕಾರಣಕ್ಕೆ.

ನಡೆಸುವುದು ಕಷ್ಟವಲ್ಲ, ಆದರೆ ಅವಸರ ಸಲ್ಲದು. 50 ಕಿಲೋ ಒಣ ಕೆಸರಿಗೆ 4ರಿಂದ 5 ಕಿಲೋ ಸುಣ್ಣ ಕಲಸಿ ಚೆನ್ನಾಗಿ ತಿರುವಬೇಕು. ಪಾಲಿ (ಕೆಸರನ್ನು ಗಂಟುಗೂಡಿಸುವ ಪಾಲಿಎಲೆಕ್ಟ್ರೊಲೈಟ್) ಜಾಸ್ತಿ ಹಾಕಿದರೆ ಬಟ್ಟೆ ಅಂಟಂಟಾಗಿ ನೀರು ಬಿಡುವುದೇ ಇಲ್ಲ. ಮೊದಲ ಹತ್ತು ನಿಮಿಷ ಒತ್ತಡ 1–2 ಬಾರ್ ಮೀರಬಾರದು, ಬಟ್ಟೆಯ ಮೇಲೆ ತೆಳು ಪದರ ಕೂರಲಿ. ಆಮೇಲೆ ನಿಧಾನವಾಗಿ 5–6 ಬಾರ್. ಎರಡು ಮೂರು ತಾಸಿನಲ್ಲಿ ನಲ್ಲಿಗಳಿಂದ ಹನಿಯಷ್ಟೇ ಬೀಳತೊಡಗಿದಾಗ ಪಂಪ್ ನಿಲ್ಲಿಸಿ, ಐದು ನಿಮಿಷ ಗಾಳಿ ಊದಿ. ಗಾಳಿ ಲೈನ್ ಇಲ್ಲದ ಪ್ರೆಸ್ಸಿನಲ್ಲಿ ನಡುವಿನ ತೂತಿನ ಕೆಸರು ಹಸಿಯಾಗೇ ಉಳಿದು, ಪ್ಲೇಟ್ ಬಿಡಿಸಿದಾಗ ಕಾಲ ಮೇಲೆ ಸುರಿಯುತ್ತದೆ.

ಪ್ಲೇಟಿಗೊಂದು ನಲ್ಲಿ ಇರುವ ಮಾದರಿಯನ್ನೇ ಕೇಳಿ. ಒಳಗೇ ಪೈಪ್ ಕೂಡಿಸಿದ್ದು ನೋಡಲು ಚೆಂದ, ಆದರೆ ಬಟ್ಟೆ ಹರಿದರೆ ಯಾವುದು ಅಂತ ಗೊತ್ತಾಗದು. ನಲ್ಲಿ ಇದ್ದರೆ ಕದಡಿದ ನೀರು ಬರುವುದನ್ನು ಬಂದ್ ಮಾಡಿ ಉಳಿದವನ್ನು ನಡೆಸಬಹುದು.

ಪ್ಲೇಟ್ ಒಡೆಯುವುದಕ್ಕೆ ಸಾಮಾನ್ಯವಾಗಿ ಪ್ಲೇಟಿನ ದೋಷ ಕಾರಣವಲ್ಲ. ಜುಂಗು ನಡುವಿನ ತೂತಿಗೆ ಸಿಕ್ಕಿ ಒಂದು ಚೇಂಬರ್ ತುಂಬಿ ಪಕ್ಕದ್ದು ಖಾಲಿ ಉಳಿದರೆ, ಒಂದೇ ಕಡೆಯ ಒತ್ತಡಕ್ಕೆ ಪ್ಲೇಟ್ ಬಾಗಿ ಸೀಳುತ್ತದೆ. ನಡುವೆ ಕರೆಂಟ್ ಹೋಗಿ ಕೆಸರು ಒಳಗೇ ಕೂತರೂ ಇದೇ ಪಾಡು. ಹಾಗಾದಾಗ ಮತ್ತೆ ಪಂಪ್ ಹಾಕದೆ ಬಿಚ್ಚಿ ತೊಳೆಯುವುದು ಲೇಸು. ಕೆಸರು ನೂಕುವ ಸ್ಕ್ರೂ ಪಂಪಿನ ರಬ್ಬರ್ ಸ್ಟೇಟರನ್ನು (ಸ್ಕ್ರೂ ತಿರುಗುವ ರಬ್ಬರ್ ಕೊಳವೆ) ಕಲ್ಲಿನ ಪುಡಿ ತಿನ್ನುತ್ತದೆ, ಖಾಲಿ ಓಡಿದರಂತೂ ಕೆಲವೇ ನಿಮಿಷದಲ್ಲಿ ಸುಟ್ಟುಹೋಗುತ್ತದೆ. ನೀರು ಒಳಬರುವಲ್ಲೇ 2 ಮಿ.ಮೀ. ಜಾಲರಿ, ಅದರ ಮುಂದೆ ಕಲ್ಲುಪುಡಿ ಕೂರುವ ಗುಂಡಿ ಇರದಿದ್ದರೆ ಪ್ರೆಸ್ ತರಿಸಲೇಬೇಡಿ.

ಸುಣ್ಣ ಕಟ್ಟಿ ಬಟ್ಟೆ ಬಿರುಸಾದಾಗ ಶೇ 5ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ತೊಳೆಯುತ್ತಾರೆ. ಇದನ್ನು ಬಯಲಲ್ಲಿ, ಬ್ಲೀಚ್ ಡ್ರಮ್ಮುಗಳಿಂದ ದೂರದಲ್ಲಿ ಮಾಡಬೇಕು. ಬ್ಲೀಚಿನ ಸೋಡಿಯಂ ಹೈಪೋಕ್ಲೋರೈಟ್ ಈ ಆಮ್ಲಕ್ಕೆ ತಾಗಿದರೆ ಕ್ಲೋರಿನ್ ಗಾಳಿ ಏಳುತ್ತದೆ. ವಾಷಿಂಗ್ ಘಟಕದಲ್ಲಿ ಎರಡೂ ಒಂದೇ ಗೋಡೆಯ ಆಚೀಚೆ ಇರುವುದರಿಂದ ಇದು ಪುಸ್ತಕದ ಎಚ್ಚರಿಕೆಯಲ್ಲ.

ಪ್ರೆಸ್ ಮೇಲೆ ಶೆಡ್, ಸುತ್ತ 15 ಸೆಂ.ಮೀ. ಕಟ್ಟೆ, ಹಿಂಡಿದ ನೀರು ಮತ್ತೆ ಮೊದಲ ತೊಟ್ಟಿಗೇ. ಶೆಡ್ಡಿನ ಮಳೆನೀರಿನ ಪೈಪ್ ಮಾತ್ರ ಬೇರೆ ಗಟಾರಕ್ಕೆ. 100 ಚದರ ಮೀಟರ್ ಸೂರಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ 5,000 ಲೀಟರ್. ಅದು ತೊಟ್ಟಿಗೆ ಸೇರಿದರೆ ಆ ದಿನದ ಸುಣ್ಣದ ಲೆಕ್ಕವೇ ತಪ್ಪುತ್ತದೆ.

ಕೇಕ್ ಒಣಗಿತೆಂದು ಹೊಲಕ್ಕೋ ಗುಂಡಿಗೋ ಹಾಕುವಂತಿಲ್ಲ. ರಾಸಾಯನಿಕ ಕೆಸರು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿದೆ. ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅನುಮತಿ ಇರುವವರಿಗೇ ಕೊಡಬೇಕು. ಉಪ್ಪಿನ ವಿಷಯದಲ್ಲಿ ಪ್ರೆಸ್ ಏನೂ ಮಾಡದು. ಬ್ಲೀಚ್ ಮತ್ತು ಅದನ್ನು ತಣಿಸಲು ಹಾಕುವ ಮೆಟಾಬೈಸಲ್ಫೈಟ್ ಬಿಟ್ಟುಹೋದ ಲವಣ ತಿಳಿನೀರಿನಲ್ಲೇ ಕರಗಿರುತ್ತದೆ. ಪ್ರೆಸ್ಸಿನ ನಲ್ಲಿಯ ನೀರು ಕನ್ನಡಿಯಂತಿದ್ದರೂ ಟಿಡಿಎಸ್ (ಕರಗಿದ ಲವಣದ ಪ್ರಮಾಣ) ಮೀಟರ್ ಅದ್ದಿ ನೋಡದೆ ಗಿಡಕ್ಕೆ ಹಾಯಿಸಬೇಡಿ.