ರೆಡಿಮೇಡ್ ಬಿಲ್ ಮ್ಯಾಕ್ರೋ: ಜರ್ಮನ್ ಎಕ್ಸೆಲ್‌ಗೆ ಆಗುತ್ತದಾ?

ಎಕ್ಸೆಲ್‌ನಲ್ಲಿ ತಾನಾಗಿ ಬಿಲ್ ಮಾಡುವ ಈ ರೆಡಿಮೇಡ್ ಕೋಡ್ (ಮ್ಯಾಕ್ರೋ) ಕೊಂಡೆವು. ಬಿಲ್ ನೋಡೋಕೆ ಚೆನ್ನಾಗಿದೆ, ಪಿಡಿಎಫ್ ಬೇಗ ಬರುತ್ತದೆ. ಆದರೆ ಮಾಡಿದವರು ಇಂಗ್ಲಿಷ್ ಸೆಟ್ಟಿಂಗ್ ಬಿಟ್ಟು ಬೇರೆಲ್ಲೂ ಓಡಿಸಿ ನೋಡಿದಂತಿಲ್ಲ. ಸ್ಟುಟ್‌ಗಾರ್ಟ್‌ನ ನಮ್ಮ ಆಫೀಸಿನ ಎಕ್ಸೆಲ್ ಜರ್ಮನ್‌ನಲ್ಲಿದೆ. ಅಲ್ಲಿ ಕೂಡಿಸೋಕೆ ಸಮ್ (SUM) ಇಲ್ಲ, ಜುಮ್ಮೆ (SUMME) ಇದೆ. ಕೋಡ್‌ನಲ್ಲಿ ಫಾರ್ಮುಲಾಲೋಕಲ್ (ಸೂತ್ರ ಆ ಎಕ್ಸೆಲ್ ಭಾಷೆಯಲ್ಲೇ ಇದೆ ಅನ್ನುವ ಆದೇಶ) ಅಂತ ಬರೆದು ಇಂಗ್ಲಿಷ್ ಸೂತ್ರ ಹಾಕಿದ್ದಾರೆ. ಮೊತ್ತದ ಕಾಲಂ ತುಂಬಾ ‘ಈ ಹೆಸರು ಗೊತ್ತಿಲ್ಲ’ ಅನ್ನುವ ನೇಮ್ ಎರರ್! ಬರೀ ಫಾರ್ಮುಲಾ ಅಂತ ಬದಲಿಸಿದೆ, ಸರಿಹೋಯಿತು. ಎಕ್ಸೆಲ್ ಯಾವ ಭಾಷೆಯದಾದರೂ ಮ್ಯಾಕ್ರೋ ಬರೆಯುವ ಭಾಷೆಯಾದ ವಿಬಿಎಯಲ್ಲಿ ಫಾರ್ಮುಲಾಗೆ ಇಂಗ್ಲಿಷ್ ಸೂತ್ರವೇ ಬೇಕು.

ಎರರ್ ಆದರೆ ಕಣ್ಣಿಗಾದರೂ ಕಾಣುತ್ತದೆ, ಅಲ್ವಾ? ಸಿಎಸ್‌ವಿ ಅನ್ನುವ ಸಾದಾ ಪಠ್ಯ ಫೈಲ್‌ನಿಂದ ಬಂದ 12.50 ಮಾತ್ರ ಸುಮ್ನೆ 1250 ಯೂರೋ ಆಗಿ ಕೂತಿತ್ತು. ಜರ್ಮನಿಯಲ್ಲಿ ಚುಕ್ಕಿ ಸಾವಿರದ ಗುರುತು, ಪಠ್ಯವನ್ನು ಸಂಖ್ಯೆ ಮಾಡುವ ಸಿಡಿಬಿಎಲ್ (CDbl) ಅದನ್ನೇ ನಂಬುತ್ತದೆ. ಅದರ ಬದಲು, ಚುಕ್ಕಿಯನ್ನು ಯಾವಾಗಲೂ ದಶಮಾಂಶ ಅಂತಲೇ ಓದುವ ವ್ಯಾಲ್ (Val) ಹಾಕಿದೆ.

ಮಾರಿದವರನ್ನು ಕೇಳಿದರೆ ‘ಕಂಪ್ಯೂಟರ್ ಸೆಟ್ಟಿಂಗ್ ಬದಲಿಸಿ’ ಅಂದರು. ಇಡೀ ಆಫೀಸಿನದಾ? 5ಕ್ಕೆ 2 ಸ್ಟಾರ್. ಕೋಡ್‌ಗೆ ಪಾಸ್‌ವರ್ಡ್ ಹಾಕಿಲ್ಲ, ಆ ಎರಡೂ ಅದಕ್ಕೇ.